ಮಕ್ಕಳು ಮಲಗಿದ ಹೊತ್ತಿನ ಭಾಷಣ

ಮೂವತ್ತೆಂಟು ಮಕ್ಕಳನ್ನು ಒಟ್ಟಿಗೆ ಮಲಗಿಸುವುದೆಂದರೆ ಹುಡುಗಾಟವಲ್ಲ. ಒಂದು ಕಣ್ಣು ಮುಚ್ಚಿತು ಅನ್ನುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಕೆಮ್ಮು. ಆ ಕೆಮ್ಮಿಗೆ ಪಕ್ಕದ್ದು ಪಿಳಿಪಿಳಿ ಕಣ್ಣು ಬಿಡುತ್ತದೆ. ಕಾರ್ಖಾನೆಯವರೆಲ್ಲ ತೊಟ್ಟಿಲಮ್ಮ ಎಂದು ಕರೆಯುವ ಆ ಮುದುಕಿಗೆ ಮಾತ್ರ ಈ ವಿದ್ಯೆ ಒಲಿದಿತ್ತು. ಬಾಗಿಲ ಬಳಿಯ ಅಳುಬುರುಕನಿಂದ ಶುರುಮಾಡಿ, ಒಂದೊಂದು ಬೆನ್ನಿಗೂ ನಾಲ್ಕು ಬಾರಿ ತಟ್ಟುತ್ತ ಹೋದರೆ, ಕೊನೆಯ ಮೂಲೆ ತಲುಪುವಷ್ಟರಲ್ಲಿ ಕೋಣೆಯೆಲ್ಲ ಗಪ್‌ಚುಪ್.

ಎಲ್ಲವೂ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರು ಯುದ್ಧದ ಕಾಲದಲ್ಲಿ ಹೆತ್ತ ಕೂಸುಗಳು. ಒಮ್ಮೆ ನಿದ್ದೆ ಹತ್ತಿತೆಂದರೆ ಸೈರನ್ ಕೂಗಲಿ, ತಲೆಯ ಮೇಲೆ ಯಂತ್ರಗಳು ಗುಡುಗಲಿ, ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ. ಗಂಡಸಿನ ದೊಡ್ಡ ದನಿ ಕೇಳಿದರೆ ಮಾತ್ರ ಕಿಟಾರನೆ ಕಿರುಚಿಕೊಂಡು ಏಳುತ್ತಿದ್ದವು. ರಜೆಗೆ ಬಂದು ಹೋದದ್ದು ಬಿಟ್ಟರೆ ಅಪ್ಪಂದಿರೆಲ್ಲ ನಾಲ್ಕು ವರ್ಷ ರಣರಂಗದಲ್ಲಿದ್ದರು. ಆ ದನಿ ಅವಕ್ಕೆ ಹೊಸದು.

ಕೋಣೆಯೂ ಯುದ್ಧದ್ದೇ. ಬಾಂಬು ಬಿದ್ದಾಗ ಅಡಗಲೆಂದು ಕಾರ್ಖಾನೆಯ ಕೆಳಗೆ ಕಟ್ಟಿದ ನೆಲಮನೆ. ಮದ್ದುಗುಂಡು ತುಂಬುತ್ತಿದ್ದ ಮರದ ಪೆಟ್ಟಿಗೆಗಳೇ ಮಕ್ಕಳ ಮಂಚ. ಪ್ರತಿಯೊಂದರ ಮೇಲೂ ಕೆಂಪು ಅಕ್ಷರದಲ್ಲಿ ‘ಎಚ್ಚರ! ಸಿಡಿಯುತ್ತದೆ’ ಎಂದು ಬರೆದಿತ್ತು.

ಯುದ್ಧ ಮುಗಿದು ಐದು ತಿಂಗಳಿಗೆ ಮ್ಯಾನೇಜರು ಬಾಗಿಲಿಗೆ ಚೀಟಿ ಅಂಟಿಸಿದರು. ಒಂದನೇ ತಾರೀಖಿನಿಂದ ಈ ಕೋಣೆ ಕಬ್ಬಿಣದ ಗೋದಾಮು.

"ಇನ್ನು ನಾನು ಮನೇಲೇ ಅತ್ತೆ," ಎಂದಳು ತೊಟ್ಟಿಲಮ್ಮನ ಸೊಸೆ. ಮೇಲೆ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುವುದು ಅವಳ ಕೆಲಸ. ಕೈಯಲ್ಲಿ ಎಣ್ಣೆಯ ಕಪ್ಪು, ಕಂಕುಳಲ್ಲಿ ಮಗ.

"ಮನೇಲಿ ಕೂತು ಏನು ಕಡಿದು ಗುಡ್ಡೆ ಹಾಕ್ತೀಯ?"

"ಮತ್ತೆ ಇವನ್ನ ಯಂತ್ರಕ್ಕೆ ಕಟ್ಟಿ ಹಾಕ್ಲಾ?"

ಯುದ್ಧಕ್ಕೆ ಹೋದ ತೊಟ್ಟಿಲಮ್ಮನ ಮಗ ಹಿಂದಿರುಗಿರಲಿಲ್ಲ. ಆ ಲೇತ್ ತಿರುಗಿದರೆ ಮನೆಯ ಒಲೆ ಉರಿಯುತ್ತಿತ್ತು. ಅಲ್ಲಿದ್ದ ಅರ್ಧ ಹೆಂಗಸರ ಪಾಡೂ ಅದೇ.

ಅದೇ ತಿಂಗಳು ಚುನಾವಣೆ ಬಂತು. ಹೆಂಗಸರಿಗೆ ಅದು ಮೊದಲ ಮತ. ನಾಲ್ಕು ವರ್ಷ ದೇಶದ ಗಾಡಿ ಎಳೆದವರಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ. ಮತ ಕೇಳಲು ವಕೀಲರೊಬ್ಬರು ಹೊರಟರು. ಸಂತೆಯನ್ನೇ ನಡುಗಿಸುವಂಥ ಗಂಟಲು. ಮ್ಯಾನೇಜರಿಗೆ ಅವರು ಅಕ್ಕನ ಗಂಡ. ಮಧ್ಯಾಹ್ನದ ಬಿಡುವಿನಲ್ಲಿ ಹೆಂಗಸರೆಲ್ಲ ಮಕ್ಕಳ ಬಳಿ ಇರುತ್ತಾರೆಂದು ಮ್ಯಾನೇಜರು ವಕೀಲರನ್ನು ನೇರ ನೆಲಮನೆಗೇ ಕರೆತಂದರು.

ಬಾಗಿಲಲ್ಲೇ ತೊಟ್ಟಿಲಮ್ಮ ತುಟಿಗೆ ಬೆರಳಿಟ್ಟು ನಿಂತಿದ್ದಳು.

"ಬೂಟು ಹೊರಗೆ. ಮಾತು ಮೆತ್ತಗೆ."

ವಕೀಲರು ಕಾಲುಚೀಲದಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಬಂದರು. ಉಸಿರಲ್ಲೇ ಭಾಷಣ ಶುರುವಾಯಿತು.

"ವೀರ ಮಾತೆಯರೇ, ನೀವೇ ಈ ದೇಶದ ಬೆನ್ನೆಲುಬು…"

"ಬೆನ್ನೆಲುಬನ್ನ ಒಂದನೇ ತಾರೀಖು ಮನೆಗೆ ಕಳಿಸ್ತಾರಂತೆ, ಗೊತ್ತಾ?" ಸೊಸೆಯೂ ಉಸಿರಲ್ಲೇ ಕೇಳಿದಳು.

ವಕೀಲರು ಹಿಂದಿರುಗಿ ನೋಡಿದರು. "ಭಾವ, ಕಬ್ಬಿಣ ಇಡೋಕೆ ಜಾಗ ಬೇಕಲ್ಲ," ಎಂದು ಮ್ಯಾನೇಜರು ಕಿವಿಯಲ್ಲಿ ಗುನುಗಿದರು.

"ನೋಡೋಣ ತಾಯಂದಿರೆ, ನೋಡೋಣ."

ತೊಟ್ಟಿಲಮ್ಮನಿಗೆ ಇದು ಕೇಳಿದ ಮಾತೇ. ಮಗನ ಸುದ್ದಿ ಕೇಳಲು ಹೋದಾಗೆಲ್ಲ ಸೇನಾ ಕಚೇರಿಯವರು ಇದೇ ಮಾತು ಹೇಳುತ್ತಿದ್ದರು. ಅಂಥ ಏಳು ‘ನೋಡೋಣ’ಗಳ ಬಳಿಕ ಸಾವಿನ ಕಾಗದ ಬಂದಿತ್ತು. ಅವಳು ಬಗ್ಗಿ, ಪೆಟ್ಟಿಗೆಯಲ್ಲಿ ಮಲಗಿದ್ದ ಮೊಮ್ಮಗನನ್ನು ಎತ್ತಿ ವಕೀಲರ ತೋಳಿಗಿಟ್ಟಳು.

"ಇವನ್ನ ಹಿಡ್ಕೊಂಡು ಹೇಳಿ. ಈ ಕೋಣೆ ಉಳಿಯುತ್ತೋ ಇಲ್ವೋ?"

ವಕೀಲರು ಕೋಣೆಯೆಲ್ಲ ಕಣ್ಣಾಡಿಸಿದರು. ಸುತ್ತ ಅರವತ್ತು ಹೆಂಗಸರು, ಅಂದರೆ ಅರವತ್ತು ಮತ. "ಉಳಿಯುತ್ತೆ," ಎಂದರು ಮೆಲ್ಲಗೆ.

"ಕೇಳಿಸ್ಲಿಲ್ಲ."

"ನಮಗೂ ಕೇಳಿಸ್ಲಿಲ್ಲ," ಎಂದಿತು ಹಿಂದಿನ ಸಾಲು.

"ಮಕ್ಕಳು ಎದ್ದು ಬಿಡ್ತಾವಲ್ಲಮ್ಮ!"

"ಏಳ್ಲಿ. ಇವತ್ತೊಂದು ದಿನ ಏಳ್ಲಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಸೂಜಿ ಬಿದ್ದರೂ ಕೆಂಡವಾಗುತ್ತಿದ್ದ ತೊಟ್ಟಿಲಮ್ಮನ ಬಾಯಲ್ಲಿ ಈ ಮಾತೇ!

ವಕೀಲರು ಎದೆ ತುಂಬ ಗಾಳಿ ಎಳೆದುಕೊಂಡರು. "ಈ ಕೋಣೆ ಉಳಿಯುತ್ತೆ! ಗೆದ್ದರೆ ಪ್ರತಿ ಕಾರ್ಖಾನೆಯಲ್ಲೂ ಇಂಥದ್ದು ಮಾಡಿಸ್ತೀನಿ!"

ಮೂವತ್ತೆಂಟೂ ಒಮ್ಮೆಲೇ ಸಿಡಿದವು. ವಕೀಲರ ತೋಳಲ್ಲಿದ್ದದ್ದು ಎಲ್ಲಕ್ಕಿಂತ ಜೋರಾಗಿ ಸಿಡಿದು, ಕೋಟನ್ನೂ ಒದ್ದೆ ಮಾಡಿತು. ಏನು ಅನಾಹುತವೋ ಎಂದು ಮೇಲಿನ ಕೆಲಸಗಾರರೆಲ್ಲ ದಡಬಡನೆ ಇಳಿದು ಬಂದರು. ಯುದ್ಧದಿಂದ ಮರಳಿದ ಗಂಡಸರೂ ಮೆಟ್ಟಿಲ ಮೇಲೆ ತುಂಬಿಕೊಂಡರು.

"ಏನಾಯ್ತು? ಏನಾಯ್ತು?"

"ನೀವೇ ಹೇಳಿ ಸಾಹೇಬ್ರೆ," ಎಂದಳು ಸೊಸೆ, ನಗು ತಡೆಯಲಾರದೆ. ಆ ಗಲಾಟೆಯ ನಡುವೆ ವಕೀಲರು ಇಡೀ ಕಾರ್ಖಾನೆಗೆ ಕೇಳುವಂತೆ ಅದನ್ನೇ ಮೂರು ಬಾರಿ ಕೂಗಬೇಕಾಯಿತು. ಮೂರನೆಯ ಬಾರಿಗೆ ಗಂಡಸರೂ ಚಪ್ಪಾಳೆ ಹೊಡೆದರು.

ಮತದಾನದ ದಿನ ಸೊಂಟದ ಮೇಲೆ ಮಕ್ಕಳನ್ನು ಹೊತ್ತ ಹೆಂಗಸರ ಸಾಲು ಬೀದಿಯ ತುದಿ ಮುಟ್ಟಿತ್ತು. ವಕೀಲರು ಗೆದ್ದರು. ಅಷ್ಟು ಜನರ ಮುಂದೆ ಆಡಿದ ಮಾತನ್ನು ನುಂಗುವ ಧೈರ್ಯ ಅವರಿಗೂ ಬರಲಿಲ್ಲ. ಮುಂದೆ ಮೊದಲ ಅಧಿವೇಶನದಲ್ಲೇ ಅದು ಕಾನೂನೂ ಆಯಿತು.

ಅದಕ್ಕೂ ಮೊದಲೇ, ಚೀಟಿಯಲ್ಲಿದ್ದ ಆ ಒಂದನೇ ತಾರೀಖು, ನೆಲಮನೆಗೆ ಬಂದದ್ದು ಕಬ್ಬಿಣವಲ್ಲ, ಸುಣ್ಣದ ಬಕೀಟು. ಮ್ಯಾನೇಜರು ಬೂಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಒಳಗೆ ಬಂದರು.

"ಪೆಟ್ಟಿಗೆ ಮೇಲಿನ ಬರಹ ಅಳಿಸಿ ಬಿಡೋಣ್ವಾ ಅಮ್ಮ?" ಎಂದು ಪಿಸುಗುಟ್ಟಿದರು.

ತೊಟ್ಟಿಲಮ್ಮ ಮೊಮ್ಮಗನ ಬೆನ್ನಿಗೆ ಮೂರನೆಯ ತಟ್ಟು ತಟ್ಟುತ್ತಿದ್ದಳು. ಮೇಲೆ ಸೊಸೆಯ ಲೇತ್ ಗುಯ್ ಎನ್ನುತ್ತಿತ್ತು.

"ಇರ್ಲಿ ಬಿಡಿ," ಎಂದಳು. "ಸುಳ್ಳೇನೂ ಬರೆದಿಲ್ವಲ್ಲ."