ಹೆಸರಿಲ್ಲದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಬಟ್ಟೆಯದಲ್ಲ, ಕಾಳಿನದಲ್ಲ, ಸತ್ತವರನ್ನು ಹೊರುವ ಪೆಟ್ಟಿಗೆ. ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ, ಚರ್ಚಿನ ಅಂಗಳದ ಬೇವಿನ ಮರ ಗಾಳಿಗೆ ಉರುಳಿದ ವರ್ಷ, ಅಂದರೆ 1971ರಲ್ಲಿ, ಬಡಿಗ ಯೋನಪ್ಪ ನನ್ನನ್ನು ಮಾಡಿದ. ಉದ್ದ ಆರು ಅಡಿ ಎರಡು ಇಂಚು, ಅಗಲ ಇಪ್ಪತ್ತೆರಡು ಇಂಚು, ಗಿಡ್ಡನೆಯ ನಾಲ್ಕು ಕಾಲು. ಅಳತೆ ಸರಿಯಿದೆಯೇ ಎಂದು ಯಾರಾದರೂ ಒಳಗೆ ಮಲಗಿ ನೋಡಬೇಕಿತ್ತು. ಯೋನಪ್ಪ ಒಂದು ಕಾಲು ಒಳಗಿಟ್ಟ, ಬೆವತ, ಹಿಂದಕ್ಕೆ ತೆಗೆದ. "ಸರಿ ಅದ, ಸರಿ ಅದ," ಎಂದು ತನಗೆ ತಾನೇ ಹೇಳಿಕೊಂಡು ಉಳಿಯನ್ನು ಅಲ್ಲೇ ಬಿಟ್ಟು ಓಡಿದ. ನಾನು ಹುಟ್ಟಿದ ದಿನವೇ ತಿಳಿಯಿತು, ಜನ ನನ್ನನ್ನು ಕಂಡರೆ ಹೆದರುತ್ತಾರೆ ಎಂದು.

ನನಗೂ ಹೆದರಿಕೆಯಿತ್ತು. ಆ ಚರ್ಚಿನ ಸಭೆಗೆ ಸೇರಿದ ಕೈಮಗ್ಗದವರು ಸತ್ತವರಿಗೆಲ್ಲ ಒಂದೊಂದು ಪೆಟ್ಟಿಗೆ ಮಾಡಿಸುವ ಶಕ್ತಿಯಿಲ್ಲದೆ, ಎಲ್ಲರಿಗೂ ಸೇರಿ ನನ್ನೊಬ್ಬನನ್ನು ಮಾಡಿಸಿದ್ದರು. ದೇಹವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನಲ್ಲಿಟ್ಟು ಹೊರುವುದು, ಗುಣಿಯ ಬಳಿ ದೇಹವನ್ನಷ್ಟೇ ಎತ್ತಿ ಹಗ್ಗದಿಂದ ಇಳಿಸುವುದು, ನನ್ನನ್ನು ವಾಪಸು ತರುವುದು, ಇದು ಪದ್ಧತಿ. ಮೊದಲ ಸಲ ಗುಣಿಯ ಅಂಚಿಗೆ ನನ್ನನ್ನು ಇಳಿಸಿದಾಗ ಒಳಗಿಂದ ಹಸಿ ಮಣ್ಣಿನ ವಾಸನೆ ಬಂತು. ನನ್ನನ್ನೂ ದೂಡಿಬಿಡುತ್ತಾರೆ ಎಂದೇ ನಂಬಿದ್ದೆ. ಆ ಭಯ ಮುಂದೆ ಪ್ರತಿ ಸಲವೂ ಇತ್ತು.

ಚರ್ಚಿನ ಹಿಂದಿನ ಕೋಣೆಯಲ್ಲಿ ನನ್ನ ವಾಸ. ಕೀಲಿಕೈ ಗಂಟೆ ಬಾರಿಸುವ ತಬಿತವ್ವಳದು. ನನಗೆ ಹೆದರದವಳು ಅವಳೊಬ್ಬಳೇ. ಬೇಸಿಗೆಯಲ್ಲಿ ನನ್ನನ್ನು ಬಿಸಿಲಿಗೆ ಎಳೆದು, ಮುಚ್ಚಳದ ಮೇಲೆ ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದಳು.

"ಅಯ್ಯ ನಮ್ಮವ್ವ! ಹೆಣದ ಪೆಟ್ಟಿಗಿ ಮ್ಯಾಲಿನ ಸಂಡಿಗಿ ಯಾರ್ ತಿಂತಾರಬೇ?" ಎಂದು ಹೆಂಗಸರು ಮೂಗು ಮುರಿಯುತ್ತಿದ್ದರು.

"ತಿನಬ್ಯಾಡ್ರಿ. ಪೂರಾ ನನಗ ಉಳೀತಾವ."

ವರ್ಷಗಳು ಕಳೆದವು. ಕೆಲವರು ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗ ಹಾಕಿದರು. ಎಲ್ಲರಿಗಿಂತ ಮೇಲೆ ಬಂದವನು ಅಬ್ನೇರ್. ಹನ್ನೆರಡು ಮಗ್ಗಗಳ ಸಾಹುಕಾರ, ಸಭೆಯ ಹಿರಿಯ. ಚರ್ಚಿಗೆ ಫ್ಯಾನು ಕೊಟ್ಟ, ಬೆಂಚು ಕೊಟ್ಟ, ಗಡಿಯಾರ ಕೊಟ್ಟ. ಎಲ್ಲದರ ಮೇಲೂ ಕೆಂಪು ಬಣ್ಣದಲ್ಲಿ "ದಾನಿ: ಅಬ್ನೇರ್" ಎಂದು ಬರೆಸಿದ. ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ಯಾನು ನಿಂತು ಅವನ ಹೆಸರು ಮೂರು ರೆಕ್ಕೆಗಳಲ್ಲೂ ಕಾಣುತ್ತಿತ್ತು. ಚರ್ಚಿನಲ್ಲಿ ಯಾರ ಹೆಸರೂ ಇಲ್ಲದ ವಸ್ತು ನಾನೊಬ್ಬನೇ. ಸಾವಿನ ಪೆಟ್ಟಿಗೆಯ ಮೇಲೆ ತನ್ನ ಹೆಸರಿರಲಿ ಎಂದು ಯಾರು ಬಯಸುತ್ತಾರೆ?

ಅಬ್ನೇರ್ ನನ್ನನ್ನು "ಗತಿ ಇಲ್ಲದವರ ಪೆಟ್ಟಿಗಿ" ಎನ್ನುತ್ತಿದ್ದ. ತನಗೆಂದು ಹಿತ್ತಾಳೆ ಹಿಡಿಕೆಯ ತೇಗದ ಪೆಟ್ಟಿಗೆಯನ್ನು ಮೊದಲೇ ಮಾಡಿಸಿ, ಮಗ್ಗದ ಮನೆಯ ಅಟ್ಟದಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದ. ಒಮ್ಮೆ ನನ್ನನ್ನು ಸುಟ್ಟುಬಿಡಬೇಕೆಂದು ಹಿರಿಯರ ಸಭೆಯಲ್ಲಿ ಸೂಚಿಸಿದ. ಮೂವರು ಕೈ ಎತ್ತಿದರು, ನಾಲ್ವರು ಎತ್ತಲಿಲ್ಲ. ಗೋಡೆಯಾಚೆ ನಾನು ಎಲ್ಲವನ್ನೂ ಕೇಳುತ್ತಿದ್ದೆ.

ಆಮೇಲೆ ಅವನ ದಿನಗಳು ತಿರುಗಿದವು. ಸೀರೆಗೆ ಬೇಡಿಕೆ ಬಿತ್ತು. ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು, ಮನೆ ಸಾಲಕ್ಕೆ ಹೋಯಿತು. ನಡುವೆ ಹೆಂಡತಿ ರಾಹೇಲಮ್ಮ ತೀರಿಕೊಂಡರು. ತೇಗದ ಪೆಟ್ಟಿಗೆಯಲ್ಲಿ ಆಕೆಯನ್ನೇ ಮಣ್ಣು ಮಾಡಿದರು. ಅಬ್ನೇರನಿಗೆ ಇನ್ನೊಂದನ್ನು ಮಾಡಿಸುವ ಶಕ್ತಿ ಉಳಿದಿರಲಿಲ್ಲ. ಆರಾಧನೆಗೆ ಬರುವುದನ್ನೂ ಬಿಟ್ಟ.

2009ರ ಒಂದು ಭಾನುವಾರ. ಒಳಗೆ ಆರಾಧನೆಯಲ್ಲಿ ಪಾದ್ರಿಯ ಪ್ರಸಂಗ ನಡೆದಿತ್ತು. ತಬಿತವ್ವ ಕೀಲಿ ಹಾಕಲು ಮರೆತಿದ್ದ ನನ್ನ ಕೋಣೆಯ ಬಾಗಿಲು ತೆರೆಯಿತು. ಅಬ್ನೇರ್! ಕೈಯಲ್ಲಿ ಸೀಮೆಎಣ್ಣೆಯ ಡಬ್ಬಿ. ಅವನು ನನ್ನ ಮುಚ್ಚಳದ ಮೇಲೆ ಎಣ್ಣೆ ಸುರಿದ. ಅದು ಬಿರುಕುಗಳಲ್ಲಿ ಇಳಿಯುವುದು ತಣ್ಣಗೆ ತಿಳಿಯುತ್ತಿತ್ತು. ಒಂದು ಕಡ್ಡಿ ಗೀರಿದ, ಮುರಿಯಿತು. ಇನ್ನೊಂದು ಗೀರಿದ, ಮುರಿಯಿತು. ಮೂರನೆಯದನ್ನು ತೆಗೆಯುವಾಗ ತಬಿತವ್ವ ಬಾಗಿಲಲ್ಲಿ ನಿಂತಿದ್ದಳು.

"ಒಳಗ ಮಂದಿ ಕುಂತಾರೋ ತಮ್ಮಾ. ಗ್ವಾಡಿ ಹತ್ತಿದ್ರ ಹೆಂಗ?"

ಅಬ್ನೇರ್ ಕಡ್ಡಿಪೆಟ್ಟಿಗೆ ಹಿಡಿದೇ ಕುಸಿದು ಕುಳಿತ. "ತಮ್ಮಾ ಅಂದಿ. ಮೊದ್ಲ ಸಾಹುಕಾರ್ರ ಅಂತಿದ್ದಿ. ಮಗ್ಗ ಹೋದ್ವು, ಮರ್ಯಾದಿನೂ ಹೋತು."

"ಹುಚ್ಚ! ಮೂರು ವರ್ಷದವ ಇದ್ದಾಗ ಸಂಡೇ ಸ್ಕೂಲಿನ್ಯಾಗ ಉಚ್ಚಿ ಹೊಯ್ಕೊಂಡಿದ್ದೆಲ್ಲ, ಆಗ ತೊಳದಾಕಿ ನಾ. ಆಗೂ ತಮ್ಮಾನ ಅಂದಿದ್ದೆ. ನಡಬರಕ ಸಾಹುಕಾರ ಆದಾಂವ ನೀನು."

"ನನ್ನ ಇದರಾಗ ಹೊತ್ಕೊಂಡು ಹೋದ್ರ ಊರೆಲ್ಲಾ ಏನಂತದಬೇ?"

"ಅಬ್ನೇರ ಸತ್ತ ಅಂತದ. ಇನ್ನೇನಂತದ?"

ಅವನು ನಗಲಿಲ್ಲ. ಮುಖ ಮುಚ್ಚಿಕೊಂಡು, ಬಹಳ ಸಣ್ಣ ದನಿಯಲ್ಲಿ ಹೇಳಿದ: "ಅಂಜಿಕಿ ಬರ್ತದವ್ವಾ. ಮಗ್ಗ ಇಲ್ಲ, ಮನಿ ಇಲ್ಲ, ಆಕೀನೂ ಇಲ್ಲ. ದೇವರ ಮುಂದ ಹೋಗಿ ನಿಂತ್ರ ನಾ ಯಾರಂತ ಹೇಳ್ಲಿ?"

ತಬಿತವ್ವ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ನಿನ್ನ ದೀಕ್ಷಾಸ್ನಾನದ ದಿನ ನಾ ಅಲ್ಲೇ ಇದ್ದೆ. ಅಯ್ನೋರು ಕೂಸಿನ ಹೆಸರೇನ್ ಅಂತ ಕೇಳಿದ್ರು. ಮಗ್ಗ ಎಷ್ಟ ಅಂತ ಕೇಳ್ಲಿಲ್ಲ. ಬರೇ ಕೈಲೆ ಇದ್ದಿ, ಮೈಮ್ಯಾಲಿನ ಅಂಗಿನೂ ನಿನ್ನದಲ್ಲ, ನಿಮ್ಮ ಅಣ್ಣಂದು. ಅವತ್ತ ದೇವರು ನನ್ನ ಮಗ ಅಂತ ಎತ್ಕೊಂಡಾನ. ಯೇಸುಸ್ವಾಮಿನೂ ಎರವಲ ಸಮಾಧ್ಯಾಗ ಮಲಗಿದಾಂವ. ಫ್ಯಾನಿನ ಮ್ಯಾಲಿನ ಹೆಸರ ಓದಿ ನಿನ್ನ ಗುರುತ ಹಿಡೀಬೇಕೇನು ದೇವರು?"

ಅಬ್ನೇರ್ ಅಳುತ್ತಿದ್ದ. ಅವಳು ಸಮಾಧಾನ ಮಾಡಲಿಲ್ಲ. ಒಂದು ಹಳೆಯ ಬಟ್ಟೆ ಹರಿದು ಅರ್ಧ ಅವನ ಕೈಗೆ ಕೊಟ್ಟಳು.

"ಒರಸು. ವಾಸನಿ ಹೋಗೂತನಾ ಒರಸು. ಈ ವರ್ಷ ನನ್ನ ಸಂಡಿಗಿ ಕೆಡಸಿದಿ."

ಮುಂದಿನ ಭಾನುವಾರ ಅವನು ಆರಾಧನೆಗೆ ಬಂದ. ಬಾಗಿಲ ಬಳಿ ಕುಳಿತ. ಯಾರಾದರೂ ತಿರುಗಿ ನೋಡಿದರೆ ಅವನ ಭುಜ ಕುಗ್ಗುವುದು ನನ್ನ ಕೋಣೆಯ ಒಳಕಿಟಕಿಯಿಂದ ಕಾಣುತ್ತಿತ್ತು. ಹೆದರಿಕೆ ಒಂದೇ ದಿನದಲ್ಲಿ ಬಿಟ್ಟುಹೋಗುವಂಥದಲ್ಲ. 2013ರಲ್ಲಿ ತಬಿತವ್ವ ತೀರಿಕೊಂಡಾಗ ಅವನು ಮೊದಲ ಬಾರಿಗೆ ನನಗೆ ಹೆಗಲು ಕೊಟ್ಟ. ಆಮೇಲೆ ಗಂಟೆಯೂ ಕೀಲಿಕೈಯೂ ಅವನದಾದವು.

ಅವನು ಹಾಸಿಗೆ ಹಿಡಿಯುವ ಮುಂಚೆ ಮಗಳು ಶುಲಮೀತ ಈ ಕೋಣೆಗೇ ಬಂದಳು. "ಅಪ್ಪಾ, ನೀ ಏನೂ ಚಿಂತಿ ಮಾಡಬ್ಯಾಡ. ಹುಬ್ಬಳ್ಳಿಯಿಂದ ಚೊಲೋ ಪೆಟ್ಟಿಗಿ ತರಸ್ತೀನಿ. ಗಾಜಿನ ಗಾಡಿನೂ ಹೇಳ್ತೀನಿ. ಇದರಾಗ ಒಯ್ದ್ರ ನನಗ ನಾಚಿಕಿ."

ಅಬ್ನೇರ್ ನನ್ನ ಮುಚ್ಚಳದ ಮೇಲೆ ಕೈಯಿಟ್ಟ.

"ನನಗೂ ನಾಚಿಕಿ ಇತ್ತವಾ. ಅಂಜಿಕಿ ಇನ್ನೂ ಅದ. ಆದ್ರ ಬ್ಯಾಡ. ಇದರ ಎರಡು ಕಾಲು ಗೆದ್ದಲ ತಿಂದಾವ, ಅವನ್ನ ಮಾಡಸು. ನಾ ಹೋಗೂದು ಒಂದ ಸಲ. ನನ್ನ ಹಿಂದಿನವ್ರಿಗೂ ಬೇಕಾಗ್ತದ."

ಅವಳು ಕಾಲು ಮಾಡಿಸಿದಳು. ಹೊಸ ಕಾಲುಗಳ ಮೇಲೆ ನಾನು ಮೊದಲು ಹೊತ್ತದ್ದು ಅವನನ್ನು.

ಈಗ ನನಗೆ ವಯಸ್ಸಾಗಿದೆ. ಬಹಳ ಮಂದಿ ಗಾಜಿನ ಗಾಡಿ ಕರೆಸುತ್ತಾರೆ. ತಿಂಗಳುಗಟ್ಟಲೆ ನನ್ನ ಬಾಗಿಲು ತೆರೆಯುವುದಿಲ್ಲ. ಒಳಗೆ ಗೆದ್ದಲು ನಡೆಯುವ ಸದ್ದು ಕೇಳಿಸಿದಾಗ ಅಂಜಿಕೆಯಾಗುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನಲ್ಲಿ ಉಳಿಯಲಿಲ್ಲ, ಯಾರೂ ಏನನ್ನೂ ಬಿಟ್ಟುಹೋಗಲಿಲ್ಲ. ಒಂದು ಕಾಲಕ್ಕೆ ಇದು ನನ್ನ ಬಡತನ ಎಂದುಕೊಂಡಿದ್ದೆ. ಆದರೆ ನಾಳೆ ಬೆಳಿಗ್ಗೆ ಯಾರಾದರೂ ಅಳುತ್ತ ಕೀಲಿಕೈ ಕೇಳಿಕೊಂಡು ಬಂದರೆ, ಅವರಿಗೆ ಬೇಕಾಗುವುದು ನಾನು ಖಾಲಿಯಿರುವುದೇ.