ಏಳನೇ ಬೆಡ್ಡಿನ ಹೂಂ

ಹೂಂ ಅನ್ನೋರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಮನೆಯಲ್ಲಿ ನಮ್ಮ ಯಜಮಾನರನ್ನ "ಊಟ ಮಾಡ್ತೀರಾ?" ಅಂತ ಕೇಳಿದ್ರೆ ಹೂಂ. "ಬೇಡ್ವಾ?" ಅಂದ್ರೂ ಹೂಂ. "ಬಾಯಿ ಬಿಟ್ರೆ ಮುತ್ತು ಉದುರುತ್ತಾ?" ಅಂತ ರೇಗಿದ್ರೆ ಅದಕ್ಕೂ ಹೂಂ! ಆಸ್ಪತ್ರೆಯಲ್ಲಿ ನನಗೆ ಗುಡುಗಮ್ಮ ಅಂತ ಹೆಸರಿಟ್ಟಿದ್ದಾರೆ. ಇಡಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ತುರ್ತು ವಿಭಾಗದಲ್ಲಿ ನರ್ಸು ನಾನು, ಗುಡುಗದೆ ಇದ್ರೆ ಅಲ್ಲಿ ಯಾರ ಕಿವಿಗೂ ಏನೂ ಬೀಳಲ್ಲ. ಆದ್ರೆ ಈ ಹೂಂ ಮೇಲಿನ ಸಿಟ್ಟು ಎಂಟು ತಿಂಗಳಿಂದ ಈಚೆಗಿನದು.

ಆವತ್ತು ಮಧ್ಯಾಹ್ನ ಒಬ್ಬ ಅಜ್ಜನನ್ನ ಕರ್ಕೊಂಡು ಬಂದ್ರು. ಕಾಲಲ್ಲಿ ಗಾಯ ಕೀವಾಗಿತ್ತು, ಜ್ವರ ಸುಡ್ತಿತ್ತು. ಕಂಬದ ಪಕ್ಕದ ಏಳನೇ ಬೆಡ್ಡಿಗೆ ಹಾಕಿದ್ವಿ. ಜೊತೆಗೆ ಬಂದಿದ್ದ ಮಗಳು ಚೀಟಿ ಬರೆಸೋಕೆ ಕೌಂಟರಿಗೆ ಹೋಗಿದ್ಲು. ಡಾಕ್ಟರು ಪೆನಿಸಿಲಿನ್ ಬರೆದ್ರು. ಉಸಿರು ಬಿಡೋಕೂ ಪುರುಸೊತ್ತಿಲ್ಲದ ಹೊತ್ತು ಅದು. ಇಂಜೆಕ್ಷನ್ ಕೈಯಲ್ಲಿ ಹಿಡ್ಕೊಂಡೇ ಕೇಳಿದೆ.

"ಅಜ್ಜ, ಪೆನಿಸಿಲಿನ್ ತಗೊಂಡ್ರೆ ಏನೂ ಆಗಲ್ಲ ತಾನೆ?"

"ಹೂಂ."

ಕೇಸ್ ಶೀಟಿನಲ್ಲಿ ಅಲರ್ಜಿ ಇಲ್ಲ ಅಂತ ಬರೆದೆ. ಇಂಜೆಕ್ಷನ್ ಕೊಟ್ಟೆ. ಐದು ನಿಮಿಷಕ್ಕೆ ತುಟಿ ಊದಿತು, ಆಮೇಲೆ ಗಂಟಲು ಕಟ್ಟಿತು. ಎಲ್ಲರೂ ಓಡಿ ಬಂದ್ರು, ಮಾಡೋದೆಲ್ಲ ಮಾಡಿದ್ವಿ, ಉಳೀಲಿಲ್ಲ. ಮಗಳು ಚೀಟಿ ಹಿಡ್ಕೊಂಡು ವಾಪಸ್ ಬಂದವಳು, "ಅಪ್ಪನಿಗೆ ಪೆನಿಸಿಲಿನ್ ಆಗಲ್ಲ, ಹೇಳೋದು ಮರೆತೆ ಸಿಸ್ಟರ್" ಅಂದ್ಲು. ಏದುಸಿರು ಬಿಡ್ತಾ, ಇನ್ನೂ ನಗು ಮುಖದಲ್ಲೇ ಅಂದ್ಲು. ಅವಳಿಗಿನ್ನೂ ಗೊತ್ತಿರ್ಲಿಲ್ಲ.

ಆ ಹೂಂ ಏನು? ನನ್ನ ಪ್ರಶ್ನೆಗೆ ಉತ್ತರವೋ, ಬರೀ ನೋವಿನ ನರಳಾಟವೋ? ದೇವರಾಣೆಗೂ ಗೊತ್ತಿಲ್ಲ. ವಿಚಾರಣೆಯಲ್ಲಿ "ಅವರು ಹೂಂ ಅಂದ್ರಾ?" ಅಂತ ಕೇಳಿದ್ರು. ನಾನೂ "ಹೂಂ" ಅಂದೆ.

ನಮ್ಮ ಮೇಲ್ವಿಚಾರಕಿಯನ್ನ ಎಲ್ಲರೂ ದೊಡ್ಡಕ್ಕ ಅಂತೀವಿ. ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಔಷಧಿ ಬೀರುವಿನ ಮೇಲೆ ತಾವೇ ದಪ್ಪಕ್ಷರದಲ್ಲಿ ಒಂದು ಹಾಳೆ ಬರೆದು ಅಂಟಿಸಿದ್ರು: ಹೂಂ ಅನ್ನಿಸೋ ಪ್ರಶ್ನೆ ಕೇಳಬೇಡಿ. "ನಿಮ್ಮ ಹೆಸರೇನು, ನೀವೇ ಹೇಳಿ. ಯಾವ ಔಷಧಿ ಆಗಲ್ಲ, ನೀವೇ ಹೇಳಿ." ಇಷ್ಟು ಕೇಳದೆ ಯಾರಿಗೂ ಸೂಜಿ ಚುಚ್ಚುವ ಹಾಗಿಲ್ಲ. ಹೊಸಬರಿಗೆ ಇದನ್ನ ಬಾಯಿಪಾಠ ಮಾಡಿಸೋ ಕೆಲಸ ನನ್ನದಾಯ್ತು. ಇನ್ನೊಂದು ಜೀವ ಹಾಗೆ ಹೋದ್ರೆ ಈ ಬಿಳಿ ಬಟ್ಟೆ ಬಿಚ್ಚಿಟ್ಟು ಮನೇಲಿ ಕೂರ್ತೀನಿ ಅಂತ ಆವತ್ತೇ ನಿರ್ಧಾರ ಮಾಡಿದ್ದೆ.

ಒಂದು ತಿಂಗಳಾಗಿತ್ತೇನೋ. ಬೆಳಗ್ಗೆ ಹತ್ತು ಗಂಟೆ, ಕಿಟಕಿ ತುಂಬ ಬಿಸಿಲು. ಏಳನೇ ಬೆಡ್ಡು ಖಾಲಿ ಇತ್ತು, ಪರದೆ ಎಳೆದಿತ್ತು. ಒಳಗೆ ಆಯಾ ಇದಾಳೆ ಅಂದ್ಕೊಂಡು, "ಬೆಡ್ಡು ಒರೆಸಿದ್ದಾಯ್ತಾ?" ಅಂದೆ.

"ಹೂಂ."

ಅಷ್ಟರಲ್ಲಿ ಆಯಾ ನನ್ನ ಬೆನ್ನ ಹಿಂದಿನ ಬಾಗಿಲಿಂದ ಬಕೆಟ್ ಹಿಡ್ಕೊಂಡು ಬಂದ್ಲು. ಪರದೆ ಸರಿಸಿದೆ. ಹಾಸಿಗೆಯ ಮೇಲೆ ಒಂದು ಸುಕ್ಕೂ ಇರ್ಲಿಲ್ಲ.

"ನಿಮಗೂ ಕೇಳ್ಸಿತಾ ಸಿಸ್ಟರ್?" ಅಂದ್ಲು ಆಯಾ. "ಪಾಪ, ನಾನು ಏನು ಕೇಳಿದ್ರೂ ಹೂಂ ಅನ್ನುತ್ತೆ. ನಮ್ಮ ಅತ್ತೆಗಿಂತ ವಾಸಿ."

ನಗು ಬರ್ಲಿಲ್ಲ ನನಗೆ. ಆ ದನಿಯಲ್ಲಿ ಕಫ ಕಟ್ಟಿತ್ತು, ಕೊನೆಗೆ ಸ್ವಲ್ಪ ಎಳೀತಿತ್ತು. ಒಂದೇ ಸಲ ಕೇಳಿದ್ರೂ ಅದನ್ನ ನಾನು ಮರೆಯೋ ಹಾಗಿರ್ಲಿಲ್ಲ. ಆಮೇಲಿಂದ ಏಳರ ಹತ್ತಿರ ನಾನು ಬಾಯಿ ಮುಚ್ಕೊಂಡೇ ಕೆಲಸ ಮಾಡ್ತಿದ್ದೆ. ಗುಡುಗಮ್ಮನಿಗೆ ಏನಾಯ್ತೋ ಅಂತ ಎಲ್ಲರಿಗೂ ಆಶ್ಚರ್ಯ.

ಹೋದ ಸೋಮವಾರ ಮಧ್ಯಾಹ್ನ ಪಾಳಿ ಬದಲಾಗೋ ಹೊತ್ತಿಗೆ ಒಬ್ಬ ಟೈಲರ್ ಹೆಂಗಸು ಬಂದ್ಲು. ಹೊಲಿಗೆ ಸೂಜಿ ಬೆರಳಲ್ಲೇ ಮುರಿದು, ಕೈ ಮೊಣಕೈವರೆಗೂ ಕೆಂಪಗೆ ಊದಿತ್ತು, ಜ್ವರವೂ ಏರಿತ್ತು. ಗಂಡ ಕೌಂಟರಿನಲ್ಲಿ. ಖಾಲಿ ಇದ್ದದ್ದು ಏಳು ಮಾತ್ರ. ಕೆಲಸಕ್ಕೆ ಸೇರಿ ಎರಡು ವಾರವಾಗಿದ್ದ ಹೊಸ ನರ್ಸು, ನಾವು ಚಿಕ್ಕು ಅಂತೀವಿ, ಅವಳು ನೋಡ್ಕೊಳ್ತಿದ್ಲು. ನಾನು ಆರನೇ ಬೆಡ್ಡಿನಲ್ಲಿ ಒಬ್ಬನ ಒಡೆದ ತಲೆಗೆ ಬಟ್ಟೆ ಒತ್ತಿ ಹಿಡ್ಕೊಂಡಿದ್ದೆ. ಕೈ ಬಿಟ್ರೆ ರಕ್ತ ಹರೀತಿತ್ತು. ಪರದೆ ಆಚೆಯಿಂದ ಮಾತು ಕೇಳಿಸಿತು.

"ಅಕ್ಕಾ, ಪೆನಿಸಿಲಿನ್ ಆಗುತ್ತೆ ತಾನೆ?"

"ಹೂಂ."

"ಮೊದಲೂ ತಗೊಂಡಿದೀರಾ?"

"ಹೂಂ."

"ಏನೂ ತೊಂದರೆ ಆಗಿಲ್ಲ ಅಲ್ವಾ?"

"ಹೂಂ."

ಕಫ ಕಟ್ಟಿದ ದನಿ. ಕೊನೆಗೆ ಸ್ವಲ್ಪ ಎಳೆದ ದನಿ. ಅಯ್ಯೋ ದೇವರೇ! ಪಕ್ಕದಲ್ಲಿ ಹೊಲಿಗೆಗೆ ಸಿದ್ಧವಾಗ್ತಿದ್ದ ಡಾಕ್ಟರ ಕೈ ಎಳೆದು ಆ ಬಟ್ಟೆಯ ಮೇಲೆ ಇಟ್ಟೆ. "ಒತ್ತಿ ಹಿಡೀರಿ ಸಾರ್" ಅಂದವಳೇ ಪರದೆ ಕಿತ್ತು ಬರೋ ಹಾಗೆ ಸರಿಸಿದೆ. ಚಿಕ್ಕು ಸಿರಿಂಜನ್ನ ಆ ಹೆಂಗಸಿನ ಕೈಗೆ ಹಾಕಿದ್ದ ಡ್ರಿಪ್ ನಳಿಗೆಗೆ ಸೇರಿಸಿ ಆಗಿತ್ತು. ಹೆಬ್ಬೆರಳು ಒತ್ತೋದೊಂದೇ ಬಾಕಿ.

"ತೆಗಿ ಕೈ!"

ಚಿಕ್ಕು ಬೆಚ್ಚಿಬಿದ್ಲು. "ಕೇಳಿದೆ ಸಿಸ್ಟರ್, ಮೂರು ಸಲ ಕೇಳಿದೆ. ಹೂಂ ಅಂದ್ರು!"

"ಯಾರು ಅಂದ್ರು? ಮುಖ ನೋಡಿದ್ಯಾ?"

ಬಾಯಿಪಾಠ ಮಾಡಿಸಿದ್ರೂ ಗಡಿಬಿಡಿಯಲ್ಲಿ ಅವಳು ಸಿರಿಂಜು ನೋಡ್ಕೊಂಡೇ ಕೇಳಿದ್ಲು, ನಾನು ಎಂಟು ತಿಂಗಳ ಹಿಂದೆ ಕೇಳಿದ ಹಾಗೇ. ನಾನು ಬಗ್ಗಿ ಆ ಹೆಂಗಸಿಗೆ, "ನಿಮಗೆ ಯಾವ ಔಷಧಿ ಆಗಲ್ಲ, ನೀವೇ ಹೇಳಮ್ಮ" ಅಂದೆ.

ಅವಳು ಕಷ್ಟಪಟ್ಟು ಕಣ್ಣು ಬಿಟ್ಲು. "ಪೆನಿಸಿಲಿನ್. ಚಿಕ್ಕೋಳಿದ್ದಾಗ ಒಂದು ಸಲ ಸತ್ತು ಬದುಕಿದೀನಿ. ಹೇಳೋಣ ಅಂದ್ರೆ ಈ ಅಜ್ಜ ಹೂಂ ಹೂಂ ಅಂತ ಮಾತಾಡೋಕೇ ಬಿಡ್ಲಿಲ್ಲ. ಸ್ವಲ್ಪ ಆ ಕಡೆ ಸರಿಯೋಕೆ ಹೇಳಿ ಸಿಸ್ಟರ್, ಜಾಗ ಸಾಲ್ತಿಲ್ಲ."

ಚಿಕ್ಕು ಬೆಡ್ಡಿನ ಆ ಪಕ್ಕ ನೋಡಿ ಬಿಳುಚಿಕೊಂಡ್ಲು. ಅಲ್ಲಿ ಒಂದು ಮೊಳ ಖಾಲಿ ಜಾಗ, ಅಷ್ಟೇ. ನಾನು ಸಿರಿಂಜು ಬಿಚ್ಚಿಸಿದೆ, ಆ ಹೆಂಗಸಿನ ಕೈಗೆ ಅಲರ್ಜಿ ಇದೆ ಅಂತ ತೋರಿಸೋ ಕೆಂಪು ಪಟ್ಟಿ ಕಟ್ಟಿದೆ, ಡಾಕ್ಟರಿಗೆ ಹೇಳಿ ಬೇರೆ ಔಷಧಿ ಬರೆಸಿದೆ. ಸಂಜೆ ಹೊತ್ತಿಗೆ ಜ್ವರ ಇಳಿದು, ಅವಳನ್ನ ಮೇಲಿನ ವಾರ್ಡಿಗೆ ಕಳಿಸಿದ್ವಿ. ಹೋಗುವಾಗ ಅವಳ ಗಂಡ ನನಗೆ ಕೈ ಮುಗಿದ. ನನಗೆ ಅಳು ಬಂತು, ಸಿಡುಕಿ ಕಳಿಸಿಬಿಟ್ಟೆ.

ಚಿಕ್ಕುವನ್ನ ಬೈಯಲಿಲ್ಲ. ನಡೆದದ್ದನ್ನ ನಡೆದ ಹಾಗೆ ವರದಿ ಪುಸ್ತಕದಲ್ಲಿ ಅವಳ ಕೈಯಲ್ಲೇ ಬರೆಸಿದೆ. "ಹೂಂ ಅಂದದ್ದು ಯಾರು ಅಂತ ಬರೀಲಿ?" ಅಂದ್ಲು. "ಮುಖ ನೋಡ್ಲಿಲ್ಲ ಅಂತ ಬರಿ" ಅಂದೆ.

ಆಮೇಲೆ ಏಳರ ಪರದೆ ಎಳೆದು ಒಬ್ಬಳೇ ಕೂತೆ. ಅಜ್ಜ ಆ ಹೆಂಗಸನ್ನ ಜೊತೆಗೆ ಕರ್ಕೊಂಡು ಹೋಗೋಕೆ ಹೂಂ ಅಂದ್ರೋ, ನನ್ನ ಕಿವಿಗೆ ಬೀಳಲಿ ಅಂತ ಅಂದ್ರೋ? ಹಾಸಿಗೆಯ ಮೇಲೆ ಕೈ ಇಟ್ಟೆ. ಆ ಒಂದು ಮೊಳ ಜಾಗ ಬೆಚ್ಚಗಿತ್ತು. ಎಂಟು ತಿಂಗಳಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಆಚೆ ಬಂತು.

"ಅಜ್ಜ, ನನ್ನನ್ನ ಕ್ಷಮಿಸಿದೀರಾ?"

"ಹೂಂ."

ಬಿಕ್ಕಿ ಬಿಕ್ಕಿ ಅತ್ತೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಕಣ್ಣೊರೆಸಿಕೊಂಡು ಪರದೆ ಸರಿಸಿದ್ರೆ, ಎದುರಿಗೇ ಬೀರುವಿನ ಮೇಲೆ ದೊಡ್ಡಕ್ಕನ ಹಾಳೆ.

ಮತ್ತೆ ಪರದೆ ಎಳೆದು ಕೂತೆ. "ನನ್ನ ಮೇಲೆ ನಿಮಗೇನಿದೆ ಅಜ್ಜ, ನೀವೇ ಹೇಳಿ" ಅಂದೆ.

ದಿನಾ ಪಾಳಿ ಮುಗಿಸಿ ಹೋಗೋ ಮುಂಚೆ ಕೇಳ್ತೀನಿ. ಇನ್ನೂ ಏನೂ ಹೇಳಿಲ್ಲ.