ಕಿಟಕಿಗೆ ಅಂಟಿದ ಲೆಕ್ಕ

"ಹಳೇ ರಸೀತಿ ಅಲ್ವೇನಪ್ಪಾ ಅವು? ಗೋಧಿ ಉಗ್ರಾಣದ್ದು! ಕತ್ತರಿಸಿ ಕಿಟಕಿಗೆ ಅಂಟಿಸಿಬಿಟ್ಟೆ."

ಸ್ತೆಪನೀದಾ ಹಿಟ್ಟಿನ ಅಂಟು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಚಳಿ ಶುರುವಾಗುವ ಮೊದಲು ಕಿಟಕಿಯ ಸಂದಿಗಳಿಗೆ ಕಾಗದದ ಪಟ್ಟಿ ಅಂಟಿಸದೆ ಓಬ್ ನದಿಯ ದಂಡೆಯಲ್ಲಿ ಯಾರಾದರೂ ಬದುಕುವುದುಂಟೇ? ಅದರಲ್ಲೂ ಈ ಬಾಡಿಗೆಗಿದ್ದ ವೆನಿಯಮೀನ್ ಹೋದ ಚಳಿಗಾಲವೆಲ್ಲ ಕೆಮ್ಮಿ ಕೆಮ್ಮಿ ಅವಳ ಜೀವ ತೆಗೆದಿದ್ದ. ಅದಕ್ಕೇ ಅವನ ಕೋಣೆಗೆ ಎರಡೆರಡು ಸುತ್ತು ಅಂಟಿಸಿದ್ದಳು.

ಉಗ್ರಾಣದ ಯಂತ್ರ ನೋಡಿಕೊಳ್ಳುವ ವೆನಿಯಮೀನ್ ಟೋಪಿ ತೆಗೆಯುವುದನ್ನೂ ಮರೆತು ನಿಂತಿದ್ದ. "ಹಿಂಬದಿ ನೋಡ್ಲಿಲ್ವಾ, ಅಮ್ಮಾ?"

"ನೋಡಿದ್ರೆ ತಾನೇ ಏನು? ಅಕ್ಷರ ಕಂಡವಳಾ ನಾನು? ಕೋಳಿ ಕೆದರಿದ ಹಾಗಿತ್ತು."

ಅವನಿಗೆ ನಗು ಬಂತು. ಮರುಕ್ಷಣವೇ ಮಂಚದ ಮೇಲೆ ಕುಸಿದ. ಆರು ವರ್ಷದ ಬರವಣಿಗೆ. ನಾಳೆ ಬೆಳಿಗ್ಗೆ ಹೊರಡುವುದು ನದಿ ಹೆಪ್ಪುಗಟ್ಟುವ ಮುಂಚಿನ ಕೊನೆಯ ಹಡಗು. ಅದರಲ್ಲಿ ಮಾಸ್ಕೋಗೆ ಹೊರಟಿದ್ದ ಎಂಜಿನಿಯರ್ ಒಬ್ಬರು ಆ ಬರಹದ ಕಟ್ಟನ್ನು ಒಯ್ಯಲು ಒಪ್ಪಿದ್ದರು. ಕಟ್ಟಿನ ಕೊನೆಯ ಆರು ಹಾಳೆಗಳೇ ಇಲ್ಲ.

"ಬಿಸಿನೀರು ಹಚ್ಚಿದ್ರೆ ಬಿಡುತ್ತೆ," ಎಂದ. "ಸೀಸದ ಕಡ್ಡಿಯಲ್ಲಿ ಬರೆದದ್ದು, ಕಲಸಿಹೋಗಲ್ಲ."

"ಬಿಡ್ಸಿ? ಗಾಳಿ ನುಗ್ಗಲಿ ಅಂತಾ? ಮನೇಲಿ ಬೇರೆ ಒಂದು ಚೂರು ಕಾಗದ ಇಲ್ಲ. ಮತ್ತೆ ಕೆಮ್ಮೋಕೆ ಕೂತ್ರೆ ಮೂಲಂಗಿ ರಸ ಕುಡಿಸೋಳು ಯಾರು, ನಿನ್ನ ಚಂದ್ರಾನಾ?"

ಅವನು ಚಂದ್ರನಲ್ಲಿಗೆ ಹೋಗುವ ಲೆಕ್ಕ ಬರೆಯುತ್ತಿದ್ದ ವಿಷಯ ಬೀದಿಗೆಲ್ಲ ಗೊತ್ತಿತ್ತು. ನೀರಿನ ಕೊಳಾಯಿಯ ಬಳಿ ಹೆಂಗಸರು, "ನಿಮ್ಮ ಬಾಡಿಗೆಯವನು ಯಾವತ್ತು ಹೊರಡ್ತಾನೆ?" ಎಂದು ಛೇಡಿಸುತ್ತಿದ್ದರು. ಅಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದವಳೂ ಸ್ತೆಪನೀದಾಳೇ.

"ಹೋಗಲಿ ಬಿಡಿ, ಅಮ್ಮಾ. ಇರೋದನ್ನೇ ಕಳಿಸ್ತೀನಿ."

"ಆ ಆರು ಹಾಳೇಲಿ ಏನಿತ್ತು?"

"ಹೋಗೋ ಲೆಕ್ಕ ಕಟ್ಟಲ್ಲೇ ಇದೆ. ಇದು ಬರೋದು. ಅಲ್ಲಿ ಇಳಿದವನು ತಿರುಗಿ ಮನೆಗೆ ಬರೋ ಲೆಕ್ಕ."

ಸ್ತೆಪನೀದಾ ಗೋಡೆಯತ್ತ ತಿರುಗಿದಳು. ಜರ್ಮನ್ ಯುದ್ಧಕ್ಕೆ ಹೋದ ಅವಳ ಗಂಡ ಯೆಫೀಮನ ಚಿತ್ರ ಅಲ್ಲಿತ್ತು. ಹೋಗಿ ಹನ್ನೆರಡು ವರ್ಷವಾಗಿತ್ತು, ತಿರುಗಿ ಬಂದಿರಲಿಲ್ಲ.

"ಅದಿಲ್ದೆ ಕಳಿಸ್ತಾನಂತೆ!" ಎಂದು ಒಮ್ಮೆಲೇ ರೇಗಿದಳು. "ಬರೋ ದಾರಿ ಹೇಳ್ದೆ ಜನಾನ ಮೇಲಕ್ಕೆ ಅಟ್ತೀಯೇನೋ, ಪಾಪಿ? ಎದ್ದೇಳು. ಸಮೋವಾರ್ ತಗೊಂಬಾ, ಅದ್ರಲ್ಲಿ ನೀರು ಬಿಸಿ ಇದೆ."

ಇಬ್ಬರೂ ಒದ್ದೆ ಬಟ್ಟೆ ಒತ್ತುತ್ತ, ಉಗುರಿನಿಂದ ಮೆಲ್ಲಗೆ ಪಟ್ಟಿಗಳನ್ನು ಬಿಡಿಸಿದರು. ಅವನು ಮೇಜಿನ ಮೇಲೆ ತುಂಡುಗಳನ್ನು ಸಾಲಾಗಿ ಜೋಡಿಸಿದ.

"ಎಲ್ಲಾ ಇದೆಯಾ?"

"ಇದೆ, ಅಮ್ಮಾ."

ಕಿಟಕಿಯ ಸಂದಿಯಿಂದ ನದಿಯ ಗಾಳಿ ಸುಯ್ಯೆಂದು ಒಳಗೆ ಬಂತು. ಸ್ತೆಪನೀದಾ ತನ್ನ ಪೆಟ್ಟಿಗೆ ತೆರೆದಳು. ಪ್ರತಿ ಬೇಸಿಗೆಯಲ್ಲೂ ಬಿಸಿಲಿಗೆ ಹಾಕಿ, ಯಾರಿಗೂ ಮುಟ್ಟಗೊಡದೆ ಮತ್ತೆ ಮಡಿಸಿಡುತ್ತಿದ್ದ ಯೆಫೀಮನ ಹತ್ತಿ ತುಂಬಿದ ಕೋಟನ್ನು ತೆಗೆದು, ಮೊಣಕಾಲ ಮೇಲಿಟ್ಟು, ಹೊಲಿಗೆ ಬಿಚ್ಚಿದಳು. ಆಮೇಲೆ ಒಳಗಿನ ಹತ್ತಿಯನ್ನು ಹಿಂಜಿ ಹಿಂಜಿ, ಬೆಣ್ಣೆ ಸವರುವ ಚಾಕುವಿನ ಮೊನೆಯಿಂದ ಸಂದಿಗೆ ತುಂಬತೊಡಗಿದಳು.